ಸ್ಟೀರಿಂಗ್ ತಿರುಗಿಸಿದರೆ ಕಿರ್ರ್ ಅನ್ನುತ್ತದೆ: ರ‍್ಯಾಕ್ ಬಿಚ್ಚುವ ಮುಂಚೆ

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಕಾರಿಗೆ ಎರಡೂವರೆ ವರ್ಷ. 38 ಸಾವಿರ ಕಿಲೋಮೀಟರ್ ಓಡಿದೆ. ಎರಡು ತಿಂಗಳಿಂದ, ಪಾರ್ಕಿಂಗ್ ಮಾಡುವಾಗ ಸ್ಟೀರಿಂಗ್ ತಿರುಗಿಸಿದರೆ ಹಳೇ ಬಾಗಿಲು ತೆರೆದ ಹಾಗೆ ‘ಕಿರ್ರ್’ ಅನ್ನುತ್ತದೆ. ಬೆಳಿಗ್ಗೆ ಜಾಸ್ತಿ. ಮಳೆ ಬಂದ ದಿನ ಸದ್ದೇ ಇಲ್ಲ. ಇದಲ್ಲದೆ ರಿವರ್ಸ್ ತೆಗೆದು ಮುಂದಕ್ಕೆ ಹೊರಟಾಗ ಒಂದೇ ಒಂದು ‘ಟಕ್’ ಕೇಳುತ್ತದೆ. ಸರ್ವಿಸ್‌ನವರು ಮೊದಲ ಸಲ ‘ಎಲೆಕ್ಟ್ರಿಕ್ ಕಾರಲ್ಲಿ ಇದೆಲ್ಲ ಮಾಮೂಲಿ’ ಅಂದರು. ಎರಡನೇ ಸಲ ‘ಇಡೀ ಸ್ಟೀರಿಂಗ್ ರ‍್ಯಾಕ್ ಬದಲಿಸಬೇಕು’ ಅಂದರು. ಪವರ್ ಸ್ಟೀರಿಂಗ್ ಆಯಿಲ್ ಹಾಕಿಸಿದರೆ ಸರಿಹೋಗಬಹುದಾ? ಯಾವ ಮಾತು ನಂಬಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ಮಾಮೂಲಿ ಸದ್ದಾಗಿದ್ದರೆ ಮೊದಲ ದಿನದಿಂದಲೂ ಇರಬೇಕಿತ್ತು, ಅಲ್ವಾ? ಇನ್ನು ರ‍್ಯಾಕ್ ವಿಷಯ. ಸ್ಟೀರಿಂಗ್ ತಿರುಗಿದಾಗ ಮುಂದಿನ ಚಕ್ರಗಳನ್ನು ಎಡಕ್ಕೋ ಬಲಕ್ಕೋ ತಳ್ಳುವ ಹಲ್ಲಿನ ಸರಳು ಅದು. ಕೆಟ್ಟಿರಲೂಬಹುದು. ಆದರೆ ಸದ್ದು ಅಲ್ಲಿಂದಲೇ ಬರುತ್ತಿದೆ ಅಂತ ನಿಮಗೆ ಯಾರೂ ತೋರಿಸಿಲ್ಲ. ತೋರಿಸದೆ ಬಿಚ್ಚುವ ದುಬಾರಿ ಭಾಗ ಯಾವುದಿದ್ದರೂ ನನಗೆ ಅನುಮಾನವೇ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ‘ಮಳೆ ಬಂದ ದಿನ ಸದ್ದೇ ಇಲ್ಲ’ ಅಂದಿದ್ದೀರಿ. ಮೋಟರಿಗೆ, ಗೇರಿಗೆ, ರ‍್ಯಾಕ್‌ನ ಒಳಗಿನ ಹಲ್ಲುಗಳಿಗೆ ಹೊರಗೆ ಮಳೆ ಬಂತೋ ಬಿಸಿಲು ಬಂತೋ ಗೊತ್ತಾಗುವುದಿಲ್ಲ. ಅವೆಲ್ಲ ಮುಚ್ಚಿದ ಡಬ್ಬಿಯೊಳಗೆ ಕೂತಿರುತ್ತವೆ. ಮಳೆ ಗೊತ್ತಾಗುವುದು ಚಕ್ರದ ಹತ್ತಿರ ತೆರೆದುಕೊಂಡಿರುವ ರಬ್ಬರ್ ಬುಷ್‌ಗಳಿಗೆ (ಕೀಲಿನ ಜಾಗದ ರಬ್ಬರ್ ಮೆತ್ತೆ), ಬಾಲ್ ಜಾಯಿಂಟ್‌ಗಳಿಗೆ (ಬಟ್ಟಲಿನೊಳಗೆ ಗುಂಡು ಹೊರಳುವ ಕೀಲು). ನೀರು ಬಿದ್ದಾಗ ಅದೇ ಸ್ವಲ್ಪ ಹೊತ್ತು ಎಣ್ಣೆಯ ಕೆಲಸ ಮಾಡುತ್ತದೆ. ಒಣಗಿದ ಮೇಲೆ ಮತ್ತೆ ಕಿರ್ರ್. ಬೆಳಿಗ್ಗೆ ಜಾಸ್ತಿ ಅನ್ನುವುದೂ ಇದಕ್ಕೇ ಹೊಂದುತ್ತದೆ. ತಣ್ಣಗಿದ್ದಾಗ ರಬ್ಬರ್ ಬಿರುಸಾಗಿರುತ್ತದೆ, ಗ್ರೀಸ್ ಗಟ್ಟಿಯಾಗಿರುತ್ತದೆ.

ಆಯಿಲ್ ವಿಷಯ ಮೊದಲೇ ಮುಗಿಸಿಬಿಡೋಣ. ನಿಮ್ಮ ಕಾರಿನಲ್ಲಿ ಅದನ್ನು ಹಾಕುವ ಜಾಗವೇ ಇರಲಿಕ್ಕಿಲ್ಲ. ಹಳೇ ಹೈಡ್ರಾಲಿಕ್ ಪವರ್ ಸ್ಟೀರಿಂಗ್‌ನಲ್ಲಿ ಎಂಜಿನ್ ಬೆಲ್ಟಿನಿಂದ ತಿರುಗುವ ಪಂಪ್ ಇತ್ತು, ಪಕ್ಕದಲ್ಲಿ ಆಯಿಲ್ ಡಬ್ಬಿ ಇತ್ತು. ಆಯಿಲ್ ಕಮ್ಮಿಯಾದರೆ ಪಂಪ್ ಗೋಳಾಡುತ್ತಿತ್ತು. ‘ಆಯಿಲ್ ಹಾಕಿಸಿ’ ಅನ್ನುವ ಸಲಹೆ ಆ ಕಾಲದ್ದು. ಈಗಿನ ಹೆಚ್ಚುಕಮ್ಮಿ ಎಲ್ಲ ಎಲೆಕ್ಟ್ರಿಕ್ ಕಾರುಗಳಲ್ಲಿ ಪಂಪ್ ಬದಲು ಒಂದು ಮೋಟರ್ ಇರುತ್ತದೆ. ನಿಮ್ಮ ಕೈ ಎಷ್ಟು ಬಲ ಹಾಕುತ್ತಿದೆ ಅಂತ ಒಂದು ಟಾರ್ಕ್ ಸೆನ್ಸರ್ ಅಳೆಯುತ್ತದೆ, ಅದಕ್ಕೆ ತಕ್ಕಷ್ಟು ಮೋಟರ್ ಕೈಜೋಡಿಸುತ್ತದೆ. ಚಿಕ್ಕ ಕಾರುಗಳಲ್ಲಿ ಈ ಮೋಟರ್ ಸಾಮಾನ್ಯವಾಗಿ ನಿಮ್ಮ ಮೊಣಕಾಲಿನ ಹತ್ತಿರ, ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ಕಂಬದ (ಕಾಲಮ್) ಮೇಲೆ ಇರುತ್ತದೆ. ಭಾರದ ಕಾರುಗಳಲ್ಲಿ ಕೆಳಗೆ ರ‍್ಯಾಕ್ ಮೇಲೆ. ಅಂದಹಾಗೆ ಇದು ಎಲೆಕ್ಟ್ರಿಕ್ ಕಾರಿಗಾಗಿ ಹುಟ್ಟಿದ್ದೇನಲ್ಲ. 1988ರಲ್ಲೇ ಸುಜುಕಿ ಸೆರ್ವೊ ಅನ್ನುವ ಪುಟ್ಟ ಪೆಟ್ರೋಲ್ ಕಾರಿನಲ್ಲಿ ಬಂದಿತ್ತು.

ನಿಮ್ಮ ಕಿವಿಗೂ ಒಂದು ಎಚ್ಚರಿಕೆ ಹೇಳಬೇಕು. ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಗುರುಗುರು ನೂರು ಸಣ್ಣ ಸದ್ದುಗಳನ್ನು ನುಂಗಿಹಾಕುತ್ತದೆ. ಇಲ್ಲಿ ನುಂಗುವವರು ಯಾರೂ ಇಲ್ಲ. ಹಾಗಾಗಿ ಏನೂ ಕೆಡದ ಸದ್ದುಗಳೂ ಕೇಳಿಸುತ್ತವೆ. ನಿಂತಲ್ಲೇ ತಿರುಗಿಸಿದರೆ ‘ಸುಂಯ್’ ಅಂತ ಮೃದುವಾಗಿ ಕೇಳುವುದು ಸ್ಟೀರಿಂಗ್ ಮೋಟರ್. ನಿಧಾನಕ್ಕೆ ಹೋಗುವಾಗ ಮಾತ್ರ ಬರುವ ಒಂದು ಬಗೆಯ ಗುಂಯ್‌ಗುಡುವಿಕೆ, ನಡೆದು ಹೋಗುವವರನ್ನು ಎಚ್ಚರಿಸಲೆಂದೇ ಕಾರು ಸ್ಪೀಕರಿನಿಂದ ಹೊರಡಿಸುವ ಸದ್ದು. ವಿಶ್ವಸಂಸ್ಥೆಯ ವಾಹನ ನಿಯಮ 138ರ ಪ್ರಕಾರ ಗಂಟೆಗೆ 20 ಕಿಲೋಮೀಟರ್‌ವರೆಗೆ ಇದು ಇರಬೇಕು. ಇದನ್ನೇ ‘ಸ್ಟೀರಿಂಗ್ ಗುಂಯ್ ಅನ್ನುತ್ತಿದೆ’ ಅಂತ ಹೇಳಿಕೊಂಡು ಬಂದವರನ್ನು ನೋಡಿದ್ದೇನೆ. ನುಣುಪು ನೆಲದ ಪಾರ್ಕಿಂಗ್‌ನಲ್ಲಿ ಟೈರು ‘ಚೀಂಯ್’ ಅನ್ನುವುದು ಟೈರಿನದ್ದೇ ಸದ್ದು. ಪೂರ್ತಿ ತಿರುಗಿಸಿ ನಿಧಾನಕ್ಕೆ ಚಲಿಸುವಾಗ, ಅದರಲ್ಲೂ ಚಳಿಯಲ್ಲಿ, ಅಗಲ ಟೈರುಗಳು ಕುಪ್ಪಳಿಸಿದ ಹಾಗೆ ತಡವರಿಸುವುದೂ ಉಂಟು. ಇವಕ್ಕೆಲ್ಲ ಸ್ಪ್ಯಾನರ್ ಬೇಕಿಲ್ಲ.

ನಿಮ್ಮದು ಇವು ಯಾವುದೂ ಅಲ್ಲ. ಹಾಗಾದರೆ ಎಲ್ಲಿಂದ ಬರುತ್ತಿದೆ? ಕಿವಿಯೊಂದನ್ನೇ ನಂಬಿ ಹುಡುಕಿದರೆ ಮೋಸ ಹೋಗುತ್ತೀರಿ. ಬಾಡಿಯ ತಗಡು, ಕಬ್ಬಿಣದ ಶಾಫ್ಟು ಸದ್ದನ್ನು ಹೊತ್ತು ತಂದು ಡ್ಯಾಶ್‌ಬೋರ್ಡ್ ಒಳಗೆ ಬಿಡುತ್ತವೆ. ಬಲ ಚಕ್ರದ್ದು ನಿಮ್ಮ ಎಡಗಾಲಿನ ಹತ್ತಿರ ಕೇಳಬಹುದು. ನಾನೇ ಹಿಂದೊಮ್ಮೆ ಒಂದು ಕಾರಿನ ಕೆಳಗಿನ ಆರ್ಮ್, ಅಂದರೆ ಚಕ್ರವನ್ನು ಬಾಡಿಗೆ ಜೋಡಿಸುವ ತೋಳು, ಎರಡೂ ಬದಲಿಸಿದ್ದೆ. ಸದ್ದು ಹೋಗಲಿಲ್ಲ. ಮೂರನೇ ದಿನ ಪೆಡಲ್‌ಗಳ ಹತ್ತಿರ ತಲೆ ಇಟ್ಟು ಅಂಗಾತ ಮಲಗಿ ಬೇರೆಯವರ ಕೈಲಿ ಸ್ಟೀರಿಂಗ್ ತಿರುಗಿಸಿದೆ. ಕಾಲಮ್ ಶಾಫ್ಟ್ ನೆಲ ತೂರಿ ಕೆಳಗಿಳಿಯುವ ಕಡೆ ಒಂದು ರಬ್ಬರ್ ಸೀಲ್ ಇರುತ್ತದಲ್ಲ, ಅದರ ತುಟಿ ಒಣಗಿ ಶಾಫ್ಟಿಗೆ ಉಜ್ಜುತ್ತಿತ್ತು. ಬಟಾಣಿ ಕಾಳಿನಷ್ಟು ಸಿಲಿಕಾನ್ ಗ್ರೀಸ್ ಸಾಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು ನನ್ನ ಕೆಲಸ. ಆ ಆರ್ಮ್‌ಗಳ ದುಡ್ಡು ನಾನೇ ಹಾಕಿಕೊಂಡೆ, ಅದು ಬೇರೆ ಮಾತು.

ಹಾಗಾಗಿ ಈಗ ನಾನು ಮಾಡುವುದು ಇಷ್ಟೇ: ಮೊದಲು ಸದ್ದನ್ನು ಒಂದು ಮೂಲೆಗೆ ತಳ್ಳುತ್ತೇನೆ, ಆಮೇಲೆ ಬೆರಳಲ್ಲಿ ಹಿಡಿಯುತ್ತೇನೆ.

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ. ಏಸಿ, ಫ್ಯಾನ್, ಹಾಡು ಎಲ್ಲ ಬಂದ್. ಕಾರು ರೆಡಿ ಸ್ಥಿತಿಯಲ್ಲಿದ್ದಾಗ ಒಂದು ಸಲ ಎಡಕ್ಕೂ ಬಲಕ್ಕೂ ತಿರುಗಿಸಿ. ಆಮೇಲೆ ಕಾರು ಆಫ್ ಮಾಡಿ, ಸ್ಟೀರಿಂಗ್ ಲಾಕ್ ಬೀಳದ ಹಾಗೆ ನೋಡಿಕೊಂಡು, ಮತ್ತೆ ತಿರುಗಿಸಿ. ಮೋಟರ್ ಸಹಾಯ ಇಲ್ಲದ್ದರಿಂದ ಕಲ್ಲು ತಳ್ಳಿದ ಹಾಗಿರುತ್ತದೆ. ಒಂದು ಗೇಣು ತಿರುಗಿದರೂ ಸಾಕು. ಆಗಲೂ ಕಿರ್ರ್ ಬಂದರೆ ಸ್ಟೀರಿಂಗ್ ಮೋಟರನ್ನು ಅನುಮಾನದಿಂದ ಬಿಟ್ಟುಬಿಡಿ.

ಮುಂದಿನದು, ಮುಂದಿನ ಎರಡೂ ಚಕ್ರ ಎತ್ತಿ ತಿರುಗಿಸಿ ನೋಡುವುದು. ಇದನ್ನು ಲಿಫ್ಟ್ ಇರುವ ಕಡೆ ಮಾಡಿಸಿ. ಮನೆಯಲ್ಲೇ ಮಾಡುವುದಾದರೆ ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗಕ್ಕೇ ಜಾಕ್ ಕೊಡಿ. ಕಾರಿನ ಹೊಟ್ಟೆಯಡಿ ಚಪ್ಪಟೆಯಾಗಿ ಮಲಗಿರುವುದು ಬ್ಯಾಟರಿ. ಅದಕ್ಕೆ ಜಾಕ್ ತಾಗಿಸಿದರೆ ಕಿರ್ರ್ ಸದ್ದೇ ಎಷ್ಟೋ ವಾಸಿ ಅನ್ನಿಸುವ ತೊಂದರೆ ತಂದುಕೊಳ್ಳುತ್ತೀರಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಟ್ಟೇ ತೂರಿ. ಕಿತ್ತಳೆ ಬಣ್ಣದ ವೈರುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ, ಅವುಗಳ ಸುದ್ದಿಗೆ ಹೋಗಲೇಬೇಡಿ.

ಚಕ್ರ ಗಾಳಿಯಲ್ಲಿದ್ದಾಗಲೂ ಸದ್ದು ಹಾಗೇ ಬರುತ್ತಿದ್ದರೆ ಅನುಮಾನ ಮೇಲಕ್ಕೆ ಹೋಗುತ್ತದೆ: ಕಾಲಮ್, ನೆಲದ ಸೀಲ್, ಸ್ಟೀರಿಂಗ್ ಚಕ್ರದ ಹಿಂದಿನ ಪ್ಲಾಸ್ಟಿಕ್ ಮುಚ್ಚಳ, ಇಲ್ಲವೇ ಏರ್‌ಬ್ಯಾಗಿನ ವೈರು ಸುತ್ತಿಕೊಂಡಿರುವ ಕ್ಲಾಕ್ ಸ್ಪ್ರಿಂಗ್. ಕ್ಲಾಕ್ ಸ್ಪ್ರಿಂಗಿನ ಸದ್ದು ಒಣ ಕಾಗದ ಮಡಚಿದ ಹಾಗೆ ಸರಸರ ಅನ್ನುತ್ತದೆ. ಅದನ್ನು ನೀವು ಬಿಚ್ಚಬೇಡಿ, ಮುಂದೆ ಏರ್‌ಬ್ಯಾಗ್ ಕೂತಿದೆ. ಚಕ್ರ ಎತ್ತಿದ ಕೂಡಲೇ ಸದ್ದು ಮಾಯವಾದರೆ ಭಾರ ಹೊರುವ ಭಾಗಗಳ ಕಡೆ ನೋಡಿ: ಬಾಲ್ ಜಾಯಿಂಟ್, ಆರ್ಮ್ ಬುಷ್, ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಮೇಲಿನ ಬೇರಿಂಗ್. ನಿಮ್ಮ ಕಾರು ಹೀಗೇ ವರ್ತಿಸುತ್ತದೆ ಅಂತ ನನ್ನ ಅಂದಾಜು.

ಈಗ ಬೆರಳಿನ ಕೆಲಸ. ಇದಕ್ಕೆ ಇಬ್ಬರು ಬೇಕು. ಚಕ್ರ ನೆಲದ ಮೇಲೇ ಇರಲಿ, ಭಾರ ಬೀಳಬೇಕು. ಒಬ್ಬರು ಒಳಗೆ ಕೂತು ತೀರಾ ನಿಧಾನಕ್ಕೆ, ಸುಮ್ನೆ ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ತಿರುಗಿಸುತ್ತಿರಲಿ. ನೀವು ಚಕ್ರದ ಹಿಂದೆ ಕೈ ಹಾಕಿ. ಕಾರಿಗೆ ಮೇಲೊಂದು ಆರ್ಮ್, ಕೆಳಗೊಂದು ಆರ್ಮ್ ಇದ್ದರೆ ಮೇಲಿನದರ ತುದಿಯ ಬಾಲ್ ಜಾಯಿಂಟ್ ಟೈರಿನ ಎತ್ತರದಲ್ಲೇ ಸಿಗುತ್ತದೆ. ಅದರ ರಬ್ಬರ್ ಟೋಪಿಯ ಪಕ್ಕದ ಕಬ್ಬಿಣದ ಮೇಲೆ ಬೆರಳ ತುದಿ ಇಡಿ. ಚೆನ್ನಾಗಿರುವ ಜಾಯಿಂಟ್ ಬೆರಳಿಗೆ ಏನೂ ಹೇಳುವುದಿಲ್ಲ, ನಯವಾಗಿ ಹೊರಳುತ್ತದೆ. ಒಣಗಿದ ಜಾಯಿಂಟ್‌ನಲ್ಲಿ ಸಣ್ಣ ಮರಳು ಅರೆದ ಹಾಗೆ ಒಂದು ನಡುಕ ಬೆರಳಿಗೆ ಹತ್ತುತ್ತದೆ. ಕಿವಿಗೆ ಕಿರ್ರ್ ಕೇಳಿದ ಅದೇ ಗಳಿಗೆಯಲ್ಲಿ ಬೆರಳಿಗೂ ಹತ್ತಬೇಕು. ಆಮೇಲೆ ಎಡದ್ದು, ಬಲದ್ದು, ಕೆಳಗಿನದು, ಒಂದೊಂದಾಗಿ ಮುಟ್ಟುತ್ತಾ ಹೋಗಿ. ಎಲ್ಲಿ ನಡುಕ ಜೋರೋ ಅಲ್ಲೇ ಕಳ್ಳ. ಸ್ಪ್ರಿಂಗಿನ ಸುರುಳಿಗಳ ನಡುವೆ, ರ‍್ಯಾಕ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಅನ್ನುವ ಸರಳು ಚಲಿಸುವ ದಾರಿಯಲ್ಲಿ ಬೆರಳು ಇಡಬೇಡಿ, ಕಾರಿಗೆ ಅದು ಬೆರಳು ಅಂತ ಗೊತ್ತಾಗುವುದಿಲ್ಲ.

ಕೈಗೆ ಸಿಕ್ಕಿದ್ದನ್ನು ನೀರಿನಿಂದ ಖಚಿತ ಮಾಡಿಕೊಳ್ಳಬಹುದು. ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ. ಅನುಮಾನದ ಒಂದೇ ಒಂದು ಜಾಯಿಂಟಿಗೆ ಚೆನ್ನಾಗಿ ಹೊಡೆದು ಎರಡು ನಿಮಿಷ ಬಿಟ್ಟು ತಿರುಗಿಸಿ. ಸದ್ದು ನಿಂತರೆ ಸಿಕ್ಕಿತು. ನಿಲ್ಲದಿದ್ದರೆ ಮುಂದಿನದಕ್ಕೆ ಹೊಡೆಯಿರಿ. ಎಲ್ಲದಕ್ಕೂ ಒಟ್ಟಿಗೆ ಹೊಡೆದರೆ ಸದ್ದು ನಿಲ್ಲುತ್ತದೆ, ಆದರೆ ಯಾವುದು ಅಂತ ಗೊತ್ತಾಗುವುದಿಲ್ಲ. ಮಳೆ ಮಾಡಿದ್ದೂ ಅದನ್ನೇ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ನೀರಿನ ಬದಲು ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಹೊಡೆಯುತ್ತಾರೆ. ವಾರ ಎರಡು ವಾರ ನೆಮ್ಮದಿ. ಅದು ಒಳಗೆ ಉಳಿದಿದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ, ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ. ಆಮೇಲೆ ಬರುವ ಸದ್ದು ಮೊದಲಿಗಿಂತ ಜೋರು. ಬಾಲ್ ಜಾಯಿಂಟ್ ಟೋಪಿಗೆ ಸಿರಿಂಜ್ ಚುಚ್ಚಿ ಗ್ರೀಸ್ ತುಂಬುವವರೂ ಇದ್ದಾರೆ. ಕೆಲವು ತಿಂಗಳು ನಡೆಯುತ್ತದೆ ಅನ್ನುವುದು ನಿಜ. ಆದರೆ ಟೋಪಿಯಲ್ಲಿ ತೂತು ಮಾಡಿದ್ದೀರಿ, ನೀರಿಗೆ ದಾರಿ ಮಾಡಿಕೊಟ್ಟಿದ್ದೀರಿ. ವಾರಂಟಿ ಇರುವ ಕಾರಿಗಂತೂ ಇದು ಬೇಡವೇ ಬೇಡ.

ಜಾಯಿಂಟ್ ಅಂತ ಖಚಿತವಾದರೆ ಪರಿಹಾರ ಸರಳ: ಹೊಸದು ಹಾಕುವುದು. ಹಲವು ಕಾರುಗಳಲ್ಲಿ ಜಾಯಿಂಟ್ ಬೇರೆಯಾಗಿ ಸಿಗುವುದಿಲ್ಲ, ಇಡೀ ಆರ್ಮ್ ಬದಲಿಸಬೇಕು. ಹಾಗಿದ್ದರೂ ರ‍್ಯಾಕ್‌ಗೆ ಹೋಲಿಸಿದರೆ ಇದು ಸಣ್ಣ ಕೆಲಸ. 38 ಸಾವಿರಕ್ಕೇ ಹೋಯಿತಾ ಅಂತ ಬೇಜಾರಾಗಬಹುದು. ಬ್ಯಾಟರಿಯೊಂದೇ 300ರಿಂದ 500 ಕಿಲೋ ತೂಗುವುದು ಸಾಮಾನ್ಯ. ಆ ಭಾರ ಪ್ರತಿ ಗುಂಡಿಯಲ್ಲೂ ಬೀಳುವುದು ಇವೇ ಸಣ್ಣ ಜಾಯಿಂಟ್‌ಗಳ ಮೇಲೆ. ಒಳಗೆ ನೀರು ಸೇರಿದರೆ ಇನ್ನೂ ಬೇಗ.

ಆರ್ಮ್ ಹಾಕುವಾಗ ಒಂದು ವಿಷಯ ಮೆಕ್ಯಾನಿಕ್‌ಗೆ ನೆನಪಿಸಿ, ತಪ್ಪು ತಿಳಿದುಕೊಂಡರೂ ಪರವಾಗಿಲ್ಲ. ಆರ್ಮಿನ ಒಳತುದಿಯ ರಬ್ಬರ್ ಬುಷ್ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಬಾರದು. ಕಾರು ತನ್ನ ಕಾಲ ಮೇಲೆ ನಿಂತಾಗ ಸಸ್ಪೆನ್ಷನ್ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟಕ್ಕೆ ತಂದು ಕೊನೆಯ ಬಿಗಿ ಕೊಡಬೇಕು. ಈ ಬುಷ್‌ನಲ್ಲಿ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಗೆ ಅಂಟಿಕೊಂಡಿರುತ್ತದೆ. ನೇತಾಡುವಾಗ ಬಿಗಿ ಮಾಡಿದರೆ ಕಾರು ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು, ಸದಾ ತಿರುಚಿಕೊಂಡೇ ಇರುತ್ತದೆ. ಆರು ತಿಂಗಳಲ್ಲಿ ಹೊಸ ಆರ್ಮ್‌ನಿಂದಲೇ ಹಳೇ ಸದ್ದು ಬಂದರೆ ಕಾರಣ ಎಷ್ಟೋ ಸಲ ಇದೇ. ಲಿಫ್ಟ್ ಮೇಲೆ ಇದ್ದಾಗಲೇ ಎಲ್ಲ ಬಿಗಿದು ಮುಗಿಸಿಬಿಡುವುದು ಸುಲಭ, ಅದಕ್ಕೇ ಹಾಗೆ ಮಾಡುತ್ತಾರೆ. ಒಮ್ಮೆ ಬಿಚ್ಚಿದರೆ ಮತ್ತೆ ಬಳಸಬಾರದು ಅಂತ ಕಂಪನಿ ಹೇಳಿರುವ ನಟ್ಟು ಬೋಲ್ಟುಗಳನ್ನು ಹೊಸದೇ ಹಾಕಿಸಿ. ಕೊನೆಗೆ ವೀಲ್ ಅಲೈನ್‌ಮೆಂಟ್ ಒಮ್ಮೆ ನೋಡಿಸಿ.

ಮೇಲಿನ ಆರ್ಮೇ ಇಲ್ಲದ, ಸ್ಟ್ರಟ್ ಇರುವ ಕಾರಾಗಿದ್ದರೆ? ಆಗ ಕೆಳಗಿನ ಬಾಲ್ ಜಾಯಿಂಟ್ ಜೊತೆ ಸ್ಟ್ರಟ್ ತಲೆಯ ಬೇರಿಂಗ್ ನೋಡಿ. ಅದು ಹಿಡಿದುಕೊಂಡರೆ ಸ್ಪ್ರಿಂಗ್ ಸ್ವಲ್ಪ ಹೊತ್ತು ತಿರುಚಿಕೊಂಡು, ಆಮೇಲೆ ಒಮ್ಮೆಲೇ ಬಿಟ್ಟು ‘ಟೊಂಯ್’ ಅನ್ನುತ್ತದೆ. ಹೊರಮೈಗೆ ಅಂಗೈ ತಾಗಿಸಿದರೆ ಸ್ಪ್ರಿಂಗ್ ಜಿಗಿಯುವುದು ಗೊತ್ತಾಗುತ್ತದೆ. ಕಿರ್ರ್‌ಗೂ ಇದಕ್ಕೂ ಗೊಂದಲ ಆಗುವುದು ಕಮ್ಮಿ.

ಈಗ ನಿಮ್ಮ ‘ಟಕ್’. ಇದು ಬೇರೆಯದೇ ಕತೆ ಅಂತ ನನಗನ್ನಿಸುತ್ತದೆ, ಕಿರ್ರ್ ಜೊತೆ ಗಂಟು ಹಾಕಬೇಡಿ. ದಿಕ್ಕು ಬದಲಾದಾಗ ಒಂದೇ ಸಲ ಬರುವ ಟಕ್‌ಗೆ ಮಾಮೂಲಿ ಕಾರಣ ಎರಡು. ಬ್ರೇಕ್ ಪ್ಯಾಡ್‌ಗಳು ತಮ್ಮ ಮನೆಯಲ್ಲಿ ಕೂದಲೆಳೆಯಷ್ಟು ಆಚೀಚೆ ಸರಿದು ಬಡಿಯುವುದು ಒಂದು. ಅದು ದಿಕ್ಕು ಬದಲಿಸಿದ ಮೇಲಿನ ಮೊದಲ ಬ್ರೇಕಿಗೆ ಬರುತ್ತದೆ. ಇನ್ನೊಂದು, ಮೋಟರಿನಿಂದ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟಿನ ಹಲ್ಲುಗಳು ಚಕ್ರದ ಹಬ್ ಒಳಗೆ ಒಣಗಿ ಜಾರುವುದು. ಇದು ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತಿದಾಗ ಬರುತ್ತದೆ. ಎಲೆಕ್ಟ್ರಿಕ್ ಮೋಟರಿನ ಎಳೆತ ಒಮ್ಮೆಲೇ ಬರುತ್ತದೆ, ಪೆಡಲ್ ಬಿಟ್ಟರೆ ರೀಜನರೇಷನ್, ಅಂದರೆ ಮೋಟರೇ ಬ್ರೇಕಿನಂತೆ ಹಿಡಿದು ಬ್ಯಾಟರಿ ಚಾರ್ಜ್ ಮಾಡುವುದು, ಹಿಂದಕ್ಕೆ ಎಳೆಯುತ್ತದೆ. ಶಾಫ್ಟ್ ದಿನವಿಡೀ ಹಿಂದೆ ಮುಂದೆ ತಿರುಚಿಕೊಳ್ಳುತ್ತಲೇ ಇರುತ್ತದೆ. ಹಲ್ಲು ಶುಚಿ ಮಾಡಿ, ಕಂಪನಿ ಹೇಳಿದ ಪೇಸ್ಟ್ ಹಚ್ಚಿ, ಹೊಸ ನಟ್ ಸರಿಯಾದ ಟಾರ್ಕ್‌ಗೆ ಬಿಗಿದರೆ ಸಾಮಾನ್ಯವಾಗಿ ಹೋಗುತ್ತದೆ. ನಿಮ್ಮದು ಹಿಂದಿನ ಚಕ್ರಕ್ಕೆ ಮಾತ್ರ ಮೋಟರ್ ಇರುವ ಕಾರಾದರೆ ಮುಂದೆ ಡ್ರೈವ್ ಶಾಫ್ಟೇ ಇರುವುದಿಲ್ಲ. ಶಾಫ್ಟಿನ ಟಕ್ ಆಗಿದ್ದರೆ ಹಿಂದಿನಿಂದ ಬರುತ್ತಿದೆ ಅಂತ ಅರ್ಥ, ಸ್ಟೀರಿಂಗ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ತಿರುವಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಕಟಕಟಕಟ ಅಂತ ಒಂದರ ಹಿಂದೆ ಒಂದು ಬಂದರೆ ಮಾತ್ರ ಹೊರಗಿನ ಸಿವಿ ಜಾಯಿಂಟ್ (ಡ್ರೈವ್ ಶಾಫ್ಟಿನ ಚಕ್ರದ ಕಡೆಯ ಕೀಲು) ನೋಡಿ. ಅದರ ರಬ್ಬರ್ ಹರಿದು ರಿಮ್ಮಿನ ಒಳಮೈಗೆ ಗ್ರೀಸ್ ಚಿಮ್ಮಿರುತ್ತದೆ.

ಹಾಗಾದರೆ ರ‍್ಯಾಕ್ ನಿಜವಾಗಿ ಕೆಟ್ಟಾಗ ಹೇಗಿರುತ್ತದೆ? ಸಣ್ಣ ಕಲ್ಲುಹಾಸಿನಂಥ ರಸ್ತೆಯಲ್ಲಿ ನೇರ ಹೋಗುವಾಗಲೇ ಕಟಕಟ ಅನ್ನುತ್ತದೆ, ಆ ಬಡಿತ ಸ್ಟೀರಿಂಗ್ ಹಿಡಿದ ಕೈಗೂ ಬರುತ್ತದೆ. ಅಥವಾ ರ‍್ಯಾಕ್ ತುದಿಯ ರಬ್ಬರ್ ಕವಚ ಹರಿದು, ನೀರು ಹೋಗಿ, ತಿರುಗಿಸಿದಾಗ ಗರಗರ ಅನ್ನುತ್ತದೆ. ಕವಚ ಹಿಂಡಿದರೆ ನೀರು ಇಲ್ಲವೇ ತುಕ್ಕಿನ ಬಣ್ಣದ ಕೆಸರು ಬರುತ್ತದೆ. ಅಂಥದ್ದನ್ನು ತೋರಿಸಿದರೆ ಬದಲಿಸಿ, ನಾನೂ ಅದನ್ನೇ ಹೇಳುತ್ತೇನೆ. ಬಡಿತ ಇದ್ದ ಮಾತ್ರಕ್ಕೆ ರ‍್ಯಾಕ್ ಅಂತಲೂ ಅಲ್ಲ. ಕಾಲಮ್‌ನಿಂದ ಕೆಳಗಿಳಿಯುವ ನಡು ಶಾಫ್ಟಿನ ಜಾಯಿಂಟ್ ಸಡಿಲವಾದರೂ ಕೈಗೆ ಹಾಗೇ ಬಡಿಯುತ್ತದೆ.

ಸದ್ದಿನ ಜೊತೆ ಕೆಲವು ಲಕ್ಷಣ ಕಂಡರೆ ಪತ್ತೇದಾರಿಕೆ ನಿಲ್ಲಿಸಿ ಕಾರೂ ನಿಲ್ಲಿಸಿ. ಸ್ಟೀರಿಂಗ್ ಎಚ್ಚರಿಕೆಯ ದೀಪ ಹತ್ತುವುದು, ಇದ್ದಕ್ಕಿದ್ದ ಹಾಗೆ ಭಾರವಾಗುವುದು, ತಿರುಗಿಸಿದ್ದು ಅಲ್ಲೇ ಅಂಟಿಕೊಂಡು ವಾಪಸ್ ಬರದಿರುವುದು. ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲಿಕೆ ಸಿಕ್ಕಿದರೆ ಬಾಲ್ ಜಾಯಿಂಟ್ ಇಲ್ಲವೇ ವೀಲ್ ಬೇರಿಂಗ್, ಎಡ ಬಲ ಹಿಡಿದಾಗ ಸಿಕ್ಕಿದರೆ ಟೈ ರಾಡ್ ಕಡೆ. ಎರಡರಲ್ಲೂ ಓಡಿಸಬೇಡಿ. ದೀಪ ಆಗಾಗ ಹತ್ತಿ ಆರುತ್ತಿದ್ದರೆ 12 ವೋಲ್ಟ್ ಬ್ಯಾಟರಿಯನ್ನೂ ಪರೀಕ್ಷಿಸಿ. ಸ್ಟೀರಿಂಗ್ ಮೋಟರಿಗೆ ಸಾಮಾನ್ಯವಾಗಿ ಕರೆಂಟು ಬರುವುದು ಆ ಪುಟ್ಟ 12 ವೋಲ್ಟ್ ಸಾಲಿನಿಂದಲೇ, ದೊಡ್ಡ ಬ್ಯಾಟರಿಯಿಂದ ನೇರವಾಗಿ ಅಲ್ಲ.

ಮುಂದಿನ ಸಲ ಸರ್ವಿಸ್‌ಗೆ ಒಣ ದಿನ, ಬೆಳಿಗ್ಗೆ ಬೇಗ ಹೋಗಿ. ದಾರಿಯಲ್ಲಿ ಕಾರು ತೊಳೆಸಬೇಡಿ. ಇದೊಂದು ತಮಾಷೆ, ಸರ್ವಿಸ್‌ಗೆ ಬಿಟ್ಟ ಕೂಡಲೇ ಅವರು ತೊಳೆಯುತ್ತಾರೆ, ಆಮೇಲೆ ‘ಸದ್ದೇ ಬರ್ತಿಲ್ಲ ಸರ್’ ಅನ್ನುತ್ತಾರೆ. ಸದ್ದು ಬರುವಾಗ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ. ಮೆಕ್ಯಾನಿಕ್‌ನ ಬೆರಳನ್ನು ನೀವು ಕಂಡುಹಿಡಿದ ಜಾಯಿಂಟ್ ಮೇಲೇ ಇಡಿಸಿ. ಒಪ್ಪಿದರೆ ಆರ್ಮ್ ಬದಲಿಸಲಿ. ಆದಮೇಲೂ ಕಿರ್ರ್ ಉಳಿದರೆ ಮುಂದಿನ ಸರದಿ ಪೆಡಲ್ ಹತ್ತಿರದ ಆ ರಬ್ಬರ್ ಸೀಲ್‌ನದ್ದು, ಆಮೇಲೆ ನಡು ಶಾಫ್ಟಿನದ್ದು. ರ‍್ಯಾಕ್‌ನ ಸರದಿ ಅವೆರಡರ ನಂತರ.